ನಮ್ಮ ಮನೆಯ ಬೇತಾಳ

ವಿಕ್ರಮ-ಬೇತಾಳರ ಕಥೆ ಕೇಳದ ಮಕ್ಕಳು ನಮ್ಮಲ್ಲಿ ಯಾರಿದ್ದಾರೆ? ಮರದ ಕೊಂಬೆಗೆ ಜೋತುಬಿದ್ದ ಬೇತಾಳ, ಅದನ್ನು ಹೆಗಲ ಮೇಲೆ ಹೊತ್ತು ನಡೆಯುವ ರಾಜ, ದಾರಿಯುದ್ದಕ್ಕೂ ಪ್ರಶ್ನೆಗಳು. ಕಳೆದ ವರ್ಷ ಮೂರು ತಿಂಗಳ ಕಾಲ ಮೈಸೂರಿನ ನಮ್ಮ ಮನೆಯಲ್ಲೂ ಒಬ್ಬ ಬೇತಾಳನಿದ್ದ. ವಯಸ್ಸು 73. ಬಿ.ಕಾಂ. ಪದವೀಧರ. ಬ್ಯಾಂಕಿನಲ್ಲಿ 36 ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದವ. ಹೌದು, ನಾನೇ. ಆ ಹೆಸರಿಟ್ಟವನು ಆರನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗ.

ನನ್ನ ಸೊಂಟನೋವು ಬ್ಯಾಂಕಿನಷ್ಟೇ ಹಳೆಯದು. ಕಂಪ್ಯೂಟರ್ ಬರುವುದಕ್ಕೆ ಮುಂಚೆ ಲೆಡ್ಜರ್ ಎಂದರೆ ಇಂದಿನ ಮಕ್ಕಳು ಕಂಡಿರದ ಗಾತ್ರದ ಪುಸ್ತಕ. ಬೆಳಿಗ್ಗೆ ಅಂಥವನ್ನು ಬೀರುವಿನಿಂದ ಎತ್ತಿ ತಂದು ಮೇಜಿನ ಮೇಲೆ ಇಡುವುದು, ಸಂಜೆ ಮತ್ತೆ ಎತ್ತಿ ಒಳಗಿಡುವುದು. ನಡುವೆ ದಿನವಿಡೀ ಬೆನ್ನು ಬಗ್ಗಿಸಿ ಬರೆಯುವುದು. ಮೂರು ಪೈಸೆ ವ್ಯತ್ಯಾಸ ಬಂದರೂ ಟ್ಯಾಲಿ ಆಗುವವರೆಗೆ ಏಳುವಂತಿರಲಿಲ್ಲ. ಆಗ ಬೆನ್ನು ಏನೂ ಅನ್ನಲಿಲ್ಲ. ನಿವೃತ್ತಿಯಾದ ಮೇಲೆ ಬಡ್ಡಿ ಸಮೇತ ಕೇಳತೊಡಗಿತು. ಮೊದಲು ಚಪ್ಪಲಿ ಹಾಕಿಕೊಳ್ಳಲು ಬಗ್ಗುವುದು ಕಷ್ಟವಾಯಿತು. ಆಮೇಲೆ ಮದುವೆಮನೆಯಲ್ಲಿ ನೆಲದ ಪಂಕ್ತಿ ಬಿಟ್ಟೆ. ಕೊನೆಗೆ ಭಾನುವಾರ ಬೆಳಿಗ್ಗೆ ಮೊಮ್ಮಗನ ಜೊತೆ ಕುಕ್ಕರಹಳ್ಳಿ ಕೆರೆ ಸುತ್ತುವುದೂ ನಿಂತಿತು. ಅವನು ಒಂದೆರಡು ವಾರ ಬಾಗಿಲಲ್ಲಿ ಶೂ ಹಾಕಿಕೊಂಡು ಕಾದ. ಆಮೇಲೆ ಕಾಯುವುದನ್ನು ಬಿಟ್ಟ. ಸೊಂಟಕ್ಕಿಂತ ನನಗೆ ಹೆಚ್ಚು ನೋವಾದದ್ದು ಅದು.

ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, ‘ವಯಸ್ಸಿನ ಸವೆತ. ಫಿಸಿಯೋಥೆರಪಿ ಮಾಡಿಸಿ, ನಡೆಯುವುದನ್ನು ಬಿಡಬೇಡಿ’ ಎಂದರು. ನನಗೆ ಅದು ಬಹಳ ನಿಧಾನದ ಮದ್ದು ಅನ್ನಿಸಿತು. ಅಷ್ಟರಲ್ಲಿ ಮಗ ಒಂದು ದೊಡ್ಡ ಪೆಟ್ಟಿಗೆ ತರಿಸಿದ. ಅದರಲ್ಲಿದ್ದದ್ದು ಇನ್ವರ್ಷನ್ ಟೇಬಲ್, ಅಂದರೆ ಮನುಷ್ಯನನ್ನು ತಲೆಕೆಳಗು ಮಾಡುವ ಮೇಜು.

ಮಕ್ಕಳಿಗೆ ಅದು ಹೇಗಿರುತ್ತದೆಂದು ಹೇಳಬೇಕು. ಪಾರ್ಕಿನ ಸೀಸಾ ನೆನಪಿಸಿಕೊಳ್ಳಿ. ಕಬ್ಬಿಣದ ಕಾಲುಗಳ ಮೇಲೆ ನಡುವೆ ಕೀಲಿರುವ ಒಂದು ಹಲಗೆ. ಅದಕ್ಕೆ ಬೆನ್ನು ಕೊಟ್ಟು ನಿಂತು, ಪಾದದ ಗಂಟುಗಳನ್ನು ಮೆತ್ತೆಯಿರುವ ಹಿಡಿಕೆಯಲ್ಲಿ ಸಿಕ್ಕಿಸಿಕೊಳ್ಳಬೇಕು. ಕೈಗಳನ್ನು ನಿಧಾನವಾಗಿ ತಲೆಯ ಮೇಲೆ ಎತ್ತಿದರೆ ತೂಕ ತಲೆಯ ಕಡೆಗೆ ಸರಿದು ಹಲಗೆ ಹಿಂದಕ್ಕೆ ಬಾಗುತ್ತದೆ. ಕೈ ಇಳಿಸಿದರೆ ಮತ್ತೆ ಮೇಲಕ್ಕೆ. ಎಲ್ಲವೂ ತಕ್ಕಡಿಯ ಲೆಕ್ಕ. ಯಾರ ಎತ್ತರ ಎಷ್ಟೋ ಅದಕ್ಕೆ ಸರಿಯಾಗಿ ಪಾದದ ಕಡೆಯ ಸರಳನ್ನು ಉದ್ದ ಗಿಡ್ಡ ಮಾಡಿ ಒಂದು ಪಿನ್ನು ಸಿಕ್ಕಿಸಬೇಕು. ಎಷ್ಟು ಬಾಗಬೇಕೆನ್ನುವುದಕ್ಕೆ ಒಂದು ತಡೆಪಟ್ಟಿ ಇರುತ್ತದೆ. ಈ ಪಿನ್ನು ಮತ್ತು ಪಟ್ಟಿ, ಇವೆರಡನ್ನೂ ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ.

‘ರೀ, ಬಿಸಿನೀರಿನ ಚೀಲ ಇಟ್ಕೊಂಡು ಮಲಗಿದ್ರೆ ಆಗಲ್ವಾ? ಈ ವಯಸ್ಸಲ್ಲಿ ಬಾವಲಿ ಥರ ಜೋತಾಡ್ಬೇಕಾ?’ ಎಂದಳು ಮನೆಯಾಕೆ. ನಾನು ಕೇಳಲಿಲ್ಲ.

ಸುಳ್ಳು ಹೇಳಬಾರದು, ಹಿತವಾಗಿತ್ತು. ಮೊದಲ ವಾರ 20 ಡಿಗ್ರಿ, ಅಂದರೆ ತಲೆ ಕಾಲಿಗಿಂತ ಸ್ವಲ್ಪ ತಗ್ಗು. ಆಮೇಲೆ 40. ಸೊಂಟದಲ್ಲಿ ಯಾರೋ ಗಂಟು ಬಿಚ್ಚಿದ ಹಾಗೆ ಅನ್ನಿಸುತ್ತಿತ್ತು. ಮೇಜಿನಿಂದ ಇಳಿದ ಮೇಲೆ ಒಂದೆರಡು ಗಂಟೆ ನೋವು ತಗ್ಗಿರುತ್ತಿತ್ತು. ಆಮೇಲೆ ಮೆಲ್ಲಗೆ ವಾಪಸು ಬರುತ್ತಿತ್ತು.

ಯಾಕೆ ಹಿತವೆನಿಸುತ್ತದೆ? ನಮ್ಮ ಬೆನ್ನಿನಲ್ಲಿ ಒಂದರ ಮೇಲೊಂದು ಕೂತ, ಅಲುಗಾಡಬಲ್ಲ 24 ಕಶೇರುಗಳಿವೆ. ಅವುಗಳ ನಡುವೆ 23 ಮೆತ್ತೆಗಳು. ಡಾಕ್ಟರು ಡಿಸ್ಕ್ ಎನ್ನುವುದು ಇವನ್ನೇ. ಹೊರಗೆ ಗಟ್ಟಿ ನಾರು, ಒಳಗೆ ನೀರು ತುಂಬಿದ ಲೋಳೆ. ತಾಟಿನಿಂಗು ತಿಂದವರಿಗೆ ಬೇಗ ಅರ್ಥವಾದೀತು. ನಾವು ನಿಂತಾಗ ಕೂತಾಗ ಮೈಭಾರ ಈ ಮೆತ್ತೆಗಳನ್ನು ಹಿಂಡುತ್ತದೆ, ನೀರು ಸ್ವಲ್ಪ ಸ್ವಲ್ಪವೇ ಹೊರಗೆ ಜಿನುಗುತ್ತದೆ. ರಾತ್ರಿ ಮಲಗಿದಾಗ ಮತ್ತೆ ಹೀರಿಕೊಳ್ಳುತ್ತವೆ. ಸ್ವೀಡನ್ನಿನ ಆಲ್ಫ್ ನಾಕೆಮ್‌ಸನ್ ಎಂಬ ವೈದ್ಯರು 1960ರ ದಶಕದಲ್ಲಿ ಡಿಸ್ಕಿನೊಳಗೇ ಸೂಜಿ ಹಾಕಿ ಒತ್ತಡ ಅಳೆದಿದ್ದರು. ಅಂಗಾತ ಮಲಗಿದಾಗ ಒತ್ತಡ ಕಡಿಮೆ, ನಿಂತಾಗ ಹೆಚ್ಚು, ಮುಂದಕ್ಕೆ ಬಗ್ಗಿ ಕೂತಾಗ ಇನ್ನೂ ಹೆಚ್ಚು. ಬಗ್ಗಿ ಕೂತು ಲೆಡ್ಜರ್ ಬರೆದವನಿಗೆ ಇದನ್ನು ಓದಿ ಏನನ್ನಿಸಿರಬೇಡ!

ಮಕ್ಕಳೇ, ಇದನ್ನು ನೀವೇ ಪರೀಕ್ಷಿಸಬಹುದು. ಬೆಳಿಗ್ಗೆ ಎದ್ದ ಕೂಡಲೇ ಗೋಡೆಗೆ ಒರಗಿ ನಿಂತು, ತಲೆಯ ಮೇಲೆ ಸ್ಕೇಲು ಮಟ್ಟಸವಾಗಿ ಇಟ್ಟು ಪೆನ್ಸಿಲ್ ಗುರುತು ಹಾಕಿಸಿಕೊಳ್ಳಿ. ರಾತ್ರಿ ಮಲಗುವ ಮುಂಚೆ ಅದೇ ಜಾಗದಲ್ಲಿ ಮತ್ತೊಂದು. ಸುಮಾರು ಒಂದು ಸೆಂಟಿಮೀಟರ್ ಗಿಡ್ಡವಾಗಿರುತ್ತೀರಿ. ನಮ್ಮ ಮನೆಯ ಹಜಾರದ ಬಾಗಿಲಿನ ಚೌಕಟ್ಟಿನಲ್ಲಿ ನನ್ನ ಮತ್ತು ಮೊಮ್ಮಗನ ಗುರುತುಗಳು ಈಗಲೂ ಇವೆ.

ತಲೆಕೆಳಗಾದರೆ ಮೈಭಾರವೇ ಬೆನ್ನನ್ನು ಎಳೆದು ಈ ಹಿಂಡುವಿಕೆಯನ್ನು ತಗ್ಗಿಸುತ್ತದೆ ಎನ್ನುವುದು ಮೇಜಿನ ಹಿಂದಿರುವ ಯೋಚನೆ. ಅದೇನೂ ಹೊಸದಲ್ಲ. ಸುಮಾರು 2400 ವರ್ಷಗಳ ಹಿಂದಿನ ಗ್ರೀಕ್ ವೈದ್ಯ ಹಿಪ್ಪೊಕ್ರೇಟಿಸನ ಹೆಸರಿನಲ್ಲಿರುವ ಗ್ರಂಥಗಳಲ್ಲಿ, ಗೂನುಬೆನ್ನಿನ ರೋಗಿಯನ್ನು ಏಣಿಗೆ ಕಟ್ಟಿ ತಲೆಕೆಳಗಾಗಿ ನಿಲ್ಲಿಸಿ ಕುಲುಕುವ ಪದ್ಧತಿಯ ವಿವರ ಇದೆ. ಜನರನ್ನು ಬೆರಗುಗೊಳಿಸಲು ಹೀಗೆ ಮಾಡುವ ವೈದ್ಯರೇ ಹೆಚ್ಚು ಎಂದು ಅದರಲ್ಲೇ ಗೊಣಗಾಟವೂ ಇದೆ. ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾದ ರಾಬರ್ಟ್ ಮಾರ್ಟಿನ್ ಎಂಬ ವೈದ್ಯರು ಕಾಲಿಗೆ ಕೊಕ್ಕೆಯ ಬೂಟು ಹಾಕಿಕೊಂಡು ಸರಳಿಗೆ ಜೋತುಬೀಳುವುದನ್ನು ಹೆಸರುವಾಸಿ ಮಾಡಿದರು. 1980ರಲ್ಲಿ ಬಂದ ಒಂದು ಹಾಲಿವುಡ್ ಚಿತ್ರದಲ್ಲಿ ನಾಯಕ ಹಾಗೆ ಜೋತಾಡಿದ ಮೇಲೆ ಅಲ್ಲಿ ಅದೊಂದು ಹುಚ್ಚೇ ಆಯಿತು.

ಮೈಸೂರಿನವನಾಗಿ ನಮ್ಮ ಕಡೆಯದನ್ನು ಹೇಳದಿದ್ದರೆ ಹೇಗೆ? 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದರು. ಅವರ ಹೆಂಡತಿಯ ತಮ್ಮ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ರೋಗಿಷ್ಠ ಹುಡುಗನೊಬ್ಬ ಅಲ್ಲಿಗೆ ಬಂದು ಕಲಿತ. ಅವರೇ ಬಿ.ಕೆ.ಎಸ್. ಅಯ್ಯಂಗಾರ್. ಮುಂದೆ ಪುಣೆಯಲ್ಲಿ ನೆಲೆಸಿ, ಗೋಡೆಗೆ ಕೊಕ್ಕೆ ಹೊಡೆದು, ಹಗ್ಗ ಕಟ್ಟಿ, ಸೊಂಟದ ಬುಡಕ್ಕೆ ಆಧಾರ ಕೊಟ್ಟು ತಲೆ ಕೆಳಗೆ ಇಳಿಬಿಡುವ ಕ್ರಮವನ್ನು ಅವರು ಕಲಿಸಿದರು. ಅದನ್ನು ಕಲಿಸುವಾಗ ಶಿಷ್ಯನ ಪಕ್ಕದಲ್ಲಿ ಗುರು ನಿಂತಿರುತ್ತಾರೆ. ನನ್ನ ಪಕ್ಕದಲ್ಲಿ ಯಾರಿದ್ದರು?

ಅದೊಂದು ಸೋಮವಾರ. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. ಮನೆಯಾಕೆ ಎದುರುಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದಳು. ನಾಲ್ಕು ಗಂಟೆ ದಾಟಿತ್ತು. ಎಂದಿನಂತೆ ಪಾದ ಸಿಕ್ಕಿಸಿ, ಕೈಗಳನ್ನು ಇನ್ನೂ ಎದೆಯ ಮಟ್ಟಕ್ಕೆ ತರುವಷ್ಟರಲ್ಲೇ ಹಲಗೆ ಧಡಕ್ಕನೆ ಹಿಂದಕ್ಕೆ ಬಿತ್ತು. 40 ಡಿಗ್ರಿಗೆ ನಿಲ್ಲಲಿಲ್ಲ. ಪೂರಾ ತಲೆಕೆಳಗು. ಪಂಚೆ ಮುಖದ ಮೇಲೆ ಬಂತು. ಅದನ್ನು ಸರಿಸಿ ಕೈ ಇಳಿಸಿದೆ, ಹಲಗೆ ಮಿಸುಕಲಿಲ್ಲ. ಎದ್ದು ಕಾಲು ಹಿಡಿಯೋಣವೆಂದರೆ ಈ ಸೊಂಟದಿಂದ ಆಗುವ ಮಾತೇ? ಮೊಬೈಲು ಟೀಪಾಯಿಯ ಮೇಲೆ, ಎರಡು ಮಾರು ದೂರ. ಎದುರಿನ ಗೋಡೆಯ ಗಡಿಯಾರ 10 ಗಂಟೆ 40 ನಿಮಿಷ ಎನ್ನುವಂತೆ ಕಾಣುತ್ತಿತ್ತು. ಅದನ್ನು ತಿರುಗಿಸಿ ಓದಿಕೊಂಡೆ, 4 ಗಂಟೆ 10.

ಬ್ಯಾಂಕಿನಲ್ಲಿ ಯಾರ ಖಾತೆಗೆ ಸೇರಬೇಕೆಂದು ಗೊತ್ತಾಗದ ಹಣವನ್ನು ಸಸ್ಪೆನ್ಸ್ ಖಾತೆಯಲ್ಲಿ ಇಡುತ್ತಿದ್ದೆವು. ಆ ಇಂಗ್ಲಿಷ್ ಮಾತಿನ ಮೂಲದಲ್ಲಿ ತೂಗುಹಾಕು ಎಂಬ ಅರ್ಥವಿದೆಯೆಂದು ಕಾಲೇಜಿನಲ್ಲಿ ಮೇಷ್ಟರು ಹೇಳಿದ್ದರು. ಆ ಪಾಠ ನನಗೆ ಅಂದು ಪೂರ್ತಿ ತಿಳಿಯಿತು.

ಈಗ ನಗು ಬರುತ್ತದೆ. ಆಗ ಬರಲಿಲ್ಲ. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಕಣ್ಣುಗುಡ್ಡೆಗಳನ್ನು ಒಳಗಿನಿಂದ ಯಾರೋ ಒತ್ತುತ್ತಿರುವ ಹಾಗೆ. ಎರಡು ಸಲ ಕೂಗಿದೆ. ಎದುರುಮನೆಯಲ್ಲಿ ಹಾಡುತ್ತಿದ್ದರು, ಕೇಳಿಸಲಿಲ್ಲ. ಅದೃಷ್ಟಕ್ಕೆ ಮುಂಬಾಗಿಲಿನ ಚಿಲಕ ಹಾಕಿರಲಿಲ್ಲ. 4 ಗಂಟೆ 20ಕ್ಕೆ ಸ್ಕೂಲಿನಿಂದ ಬಂದ ಮೊಮ್ಮಗ ಬಾಗಿಲಲ್ಲಿ ನಿಂತು ನೋಡಿದ. ಅವನ ಮುಖ ಬಿಳಿಚಿಕೊಂಡಿತು. ಬ್ಯಾಗು ಎಸೆದು ಓಡಿಬಂದು, ಮೇಲಕ್ಕೆದ್ದಿದ್ದ ಕಾಲಿನ ಕಡೆಯ ಸರಳಿಗೆ ಎರಡೂ ಕೈಯಿಂದ ಜೋತುಬಿದ್ದ. ಅವನ ಮೈಭಾರಕ್ಕೆ ಹಲಗೆ ಇಳಿದು ಮಟ್ಟಸವಾಯಿತು. ‘ತಾತ, ಏಳ್ಬೇಡಿ, ಹಾಗೇ ಮಲಗಿರಿ’ ಎಂದು ಅದನ್ನು ಹಿಡಿದೇ ನಿಂತು, ಅಜ್ಜಿಯನ್ನು ಕೂಗಿದ. ಗಾಬರಿಯಲ್ಲಿಯೂ ಅವನು ಸರಿಯಾದದ್ದನ್ನೇ ಮಾಡಿದ್ದ. ತಲೆಕೆಳಗಾಗಿದ್ದವರು ತಟ್ಟನೆ ಎದ್ದು ನಿಂತರೆ ರಕ್ತ ಸರ್‍ರನೆ ಕೆಳಗಿಳಿದು ತಲೆಸುತ್ತಿ ಬೀಳುವುದುಂಟು.

ಕನ್ನಡಿಯಲ್ಲಿ ನೋಡಿಕೊಂಡರೆ ಎರಡೂ ಕಣ್ಣು ಕೆಂಪು. ಮರುದಿನವೂ ಎಡಗಣ್ಣು ಮಂಜುಮಂಜು. ಕಣ್ಣಿನ ಡಾಕ್ಟರ ಬಳಿಗೆ ಹೋದೆ. ಅವರು ನನಗೆ ಹೊಸಬರಲ್ಲ. ಆರು ವರ್ಷಗಳಿಂದ ಗ್ಲಾಕೋಮಾಕ್ಕೆ ಅವರು ಬರೆದುಕೊಟ್ಟ ತೊಟ್ಟುಮದ್ದನ್ನೇ ದಿನಾ ರಾತ್ರಿ ಹಾಕಿಕೊಂಡು ಮಲಗುತ್ತಿದ್ದೇನೆ.

‘ಸರ್, ಮೂರು ತಿಂಗಳಿಂದ ತಲೆಕೆಳಗೆ ಮಾಡ್ತಿದ್ದೀರಾ? ಯಾರನ್ನ ಕೇಳಿ?’

‘ಇದು ಸೊಂಟಕ್ಕೆ ಡಾಕ್ಟ್ರೇ.’

‘ಸೊಂಟದ ಜೊತೆ ಕಣ್ಣೂ ತಲೆಕೆಳಗಾಗುತ್ತಲ್ಲ ಸರ್.’

ನನಗೆ ಬಾಯಿ ಕಟ್ಟಿತು. ಒಂದು ಖಾತೆಗೆ ಜಮಾ ಆದರೆ ಇನ್ನೊಂದಕ್ಕೆ ಖರ್ಚು ಬೀಳಲೇಬೇಕೆಂದು 36 ವರ್ಷ ಬರೆದವನು ನಾನು. ನನ್ನ ಮೈಯ ಲೆಕ್ಕದಲ್ಲಿ ಸೊಂಟದ ಪುಟವನ್ನಷ್ಟೇ ನೋಡಿದ್ದೆ.

ಡಾಕ್ಟರಮ್ಮ ತಾಳ್ಮೆಯಿಂದ ಹೇಳಿದರು. ಕಣ್ಣಿನೊಳಗೂ ಒಂದು ಒತ್ತಡವಿರುತ್ತದೆ. ಸಾಮಾನ್ಯವಾಗಿ ಅದು 10ರಿಂದ 21 ಮಿಲಿಮೀಟರ್ ಪಾದರಸದಷ್ಟು. ಗ್ಲಾಕೋಮಾದಲ್ಲಿ ಕಣ್ಣಿನ ನರ ನಿಧಾನವಾಗಿ ಹಾಳಾಗುತ್ತದೆ. ನೋವಿಲ್ಲದೆ, ಅಕ್ಕಪಕ್ಕದ ನೋಟವೇ ಮೊದಲು ಹೋಗುವುದರಿಂದ ಬಹಳ ದಿನ ಗೊತ್ತೇ ಆಗುವುದಿಲ್ಲ, ಹೋದ ನೋಟ ಮರಳುವುದೂ ಇಲ್ಲ. ಈಗ ಇರುವ ಮದ್ದೆಲ್ಲ ಆ ಒತ್ತಡವನ್ನು ತಗ್ಗಿಸುವುದಕ್ಕೇ. ಚೆನ್ನೈನಲ್ಲಿ 75 ಮಂದಿ ಯೋಗಾಭ್ಯಾಸಿಗಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಶೀರ್ಷಾಸನದಲ್ಲಿ ಕಣ್ಣಿನ ಒತ್ತಡ ಸುಮಾರು ಎರಡರಷ್ಟಾಗುವುದು ಕಂಡಿತ್ತು. ನಾನು ರಾತ್ರಿ ಮದ್ದು ಹಾಕಿ ಇಳಿಸಿದ್ದನ್ನು ಸಂಜೆ ತಲೆಕೆಳಗಾಗಿ ಏರಿಸುತ್ತಿದ್ದೆ. ದುಡ್ಡು ಕೊಟ್ಟು!

ಪರೀಕ್ಷೆಗಳೆಲ್ಲ ಆದವು. ಹೆಚ್ಚಿನ ಹಾನಿಯಾಗಿರಲಿಲ್ಲ. ‘ಈ ಸಲ ಬಚಾವಾದ್ರಿ’ ಎಂದರು.

ಮನೆಗೆ ಬಂದವನೇ ಮೇಜು ಮಾರಿದವರಿಗೆ ದೂರಿನ ಪತ್ರ ಬರೆಯಲು ಕೂತೆ. ಉಲ್ಲೇಖ, ವಿಷಯ, ಎಲ್ಲ ಬ್ಯಾಂಕಿನ ಶೈಲಿಯಲ್ಲಿ. ಮೊಮ್ಮಗ ಎರಡು ದಿನಗಳಿಂದ ಸರಿಯಾಗಿ ಊಟ ಮಾಡಿರಲಿಲ್ಲ. ತಾತನನ್ನು ಹಾಗೆ ನೋಡಿ ಹೆದರಿದ್ದಾನೆಂದು ನಾವೆಲ್ಲ ಅಂದುಕೊಂಡಿದ್ದೆವು. ಪತ್ರದ ಎರಡನೇ ಪ್ಯಾರಾ ಬರೆಯುವಾಗ ಪಕ್ಕಕ್ಕೆ ಬಂದು ನಿಂತ.

‘ತಾತ, ಪಿನ್ನು ನಾನು ಬದಲಾಯಿಸಿದ್ದು.’

ಭಾನುವಾರ ನಾವೆಲ್ಲ ಮದುವೆಗೆ ಹೋಗಿದ್ದಾಗ ಇವನೂ ಇವನ ಗೆಳೆಯನೂ ಮನೆಯಲ್ಲಿದ್ದರು. ಬೇತಾಳನ ಆಟ. ತನ್ನ ಎತ್ತರಕ್ಕೆ ಪಿನ್ನು ಇಳಿಸಿದ್ದ, ಪೂರ್ತಿ ತಿರುಗಲೆಂದು ತಡೆಪಟ್ಟಿ ಬಿಚ್ಚಿದ್ದ, ವಾಪಸು ಹಾಕಲು ಮರೆತಿದ್ದ. ನಾಲ್ಕೂವರೆ ಅಡಿಯವನಿಗೆ ಹೊಂದಿಸಿದ ಮೇಜಿನಲ್ಲಿ ಐದೂವರೆ ಅಡಿಯವನು ನಿಂತರೆ ಕೀಲಿನಿಂದ ತಲೆಯ ಕಡೆಗೆ ಭಾರ ಹೆಚ್ಚಾಗುತ್ತದೆ. ಅದಕ್ಕೇ ಧಡಕ್ಕನೆ ಬಿದ್ದದ್ದು, ಮೇಲೇಳದೆ ಹೋದದ್ದು.

ಹೇಳಿ ಮುಗಿಸುವಷ್ಟರಲ್ಲಿ ಅವನ ಗಲ್ಲ ನಡುಗುತ್ತಿತ್ತು. ನನಗೆ ಸಿಟ್ಟು ಬರಲಿಲ್ಲವೆಂದರೆ ಸುಳ್ಳಾದೀತು. ಆದರೆ ಕ್ಯಾಷ್ ಕೌಂಟರಿನಲ್ಲಿ ಕೂತಾಗ ನಾನೇ ಕಟ್ಟಿದ ನೋಟಿನ ಕಟ್ಟನ್ನೂ ಮತ್ತೆ ಎಣಿಸದೆ ಯಾರಿಗೂ ಕೊಟ್ಟವನಲ್ಲ. ವೋಚರಿಗೆ ಒಬ್ಬರು ಸಹಿ ಹಾಕಿದರೆ ಸಾಲದು, ಇನ್ನೊಬ್ಬರು ನೋಡಬೇಕು. ಅಂಥವನು ಪ್ರತಿ ಸಲ ಪಿನ್ನು ನೋಡದೆ ಯಂತ್ರಕ್ಕೆ ಬೆನ್ನು ಕೊಟ್ಟದ್ದು ಯಾರ ತಪ್ಪು? ಕಪಾಟಿನಿಂದ ಮೇಜಿನ ಜೊತೆ ಬಂದ ಪುಸ್ತಿಕೆ ತೆಗೆದು ಮೂರನೇ ಪುಟ ಬಿಡಿಸಿ ಅವನಿಗೇ ಓದಲು ಕೊಟ್ಟೆ. ಯಾರು ಇದನ್ನು ಬಳಸಬಾರದು ಎಂಬ ಪಟ್ಟಿ. ಗ್ಲಾಕೋಮಾ ಮೊದಲ ಸಾಲಿನಲ್ಲೇ ಇತ್ತು. ‘ನಾನು ಇದನ್ನ ಓದ್ಲೇ ಇಲ್ಲ ಕಣೋ. ನಿನ್ನದೊಂದು ತಪ್ಪು, ನನ್ನದು ಎರಡು’ ಎಂದೆ. ಅವನು ಕಣ್ಣೊರೆಸಿಕೊಂಡು, ‘ಅಜ್ಜಿಗೆ ಹೇಳ್ಬೇಡಿ’ ಎಂದ. ಅಜ್ಜಿ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ದೂರಿನ ಪತ್ರ ಹರಿದುಹಾಕಿದೆ.

ಆ ಪಟ್ಟಿ ನನ್ನ ಓರಗೆಯ ಓದುಗರಿಗೆ ಬೇಕಾದದ್ದು. ಗ್ಲಾಕೋಮಾ ಅಥವಾ ಕಣ್ಣಿನ ಅಕ್ಷಿಪಟಲದ ತೊಂದರೆ, ರಕ್ತದೊತ್ತಡ, ಹೃದಯದ ಕಾಯಿಲೆ, ಹಿಂದೆ ಲಕ್ವ ಹೊಡೆದಿರುವುದು, ರಕ್ತ ತೆಳುವಾಗಿಸುವ ಮಾತ್ರೆ, ಮೂಳೆ ಸವೆದು ಟೊಳ್ಳಾಗಿರುವುದು, ಹರ್ನಿಯಾ, ಮಂಡಿ ಅಥವಾ ಸೊಂಟದ ಕೀಲು ಬದಲಾಯಿಸಿಕೊಂಡಿರುವುದು, ಇವುಗಳಲ್ಲಿ ಯಾವುದೊಂದಿದ್ದರೂ ಡಾಕ್ಟರನ್ನು ಕೇಳದೆ ತಲೆಕೆಳಗಾಗುವಂತಿಲ್ಲ. ಗರ್ಭಿಣಿಯರಂತೂ ಹತ್ತಿರ ಸುಳಿಯಬಾರದು. 70 ದಾಟಿದ ನಮ್ಮಲ್ಲಿ ಈ ಪಟ್ಟಿಯಿಂದ ಪೂರ್ತಿ ಹೊರಗಿರುವವರು ಎಷ್ಟು ಜನ? ಮೂಳೆ ಡಾಕ್ಟರಿಗೆ ಕಣ್ಣಿನ ಮದ್ದಿನ ವಿಷಯವನ್ನಾಗಲಿ, ಕಣ್ಣಿನ ಡಾಕ್ಟರಿಗೆ ಮೇಜಿನ ವಿಷಯವನ್ನಾಗಲಿ ನಾನು ಹೇಳಿರಲಿಲ್ಲ. ಈಗ ಎಲ್ಲ ಮದ್ದುಗಳನ್ನೂ ಒಂದೇ ಹಾಳೆಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೇನೆ.

ಮೇಜಿನಿಂದ ಪ್ರಯೋಜನವೇ ಇಲ್ಲವೇ? ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಡಿಸ್ಕ್ ಜಾರಿ ಕಾಲಿಗೆ ನೋವು ಹರಿಯುತ್ತಿದ್ದವರ ಮೇಲೆ ನಡೆದ ಪ್ರಯೋಗವೊಂದು 2012ರಲ್ಲಿ ಪ್ರಕಟವಾಯಿತು. ತಲೆಕೆಳಗಾದ ಗುಂಪಿನಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ ಆಪರೇಷನ್ ತಪ್ಪಿತು, ಉಳಿದವರಲ್ಲಿ ಕಾಲು ಪಾಲಿಗೂ ಕಡಿಮೆ. ಕೇಳಲು ಭರ್ಜರಿಯಾಗಿದೆ, ಆದರೆ ಇದ್ದವರು ಎರಡು ಡಜನ್ನಿನ ಆಸುಪಾಸು ಅಷ್ಟೇ. ಬೆನ್ನನ್ನು ಎಳೆಯುವ ಟ್ರ್ಯಾಕ್ಷನ್ ಚಿಕಿತ್ಸೆಗಳ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಕಾಕ್ರೇನ್ ಸಂಸ್ಥೆ ಹೊರತಂದ ವಿಮರ್ಶೆ, ಸೊಂಟನೋವಿಗೆ ಅವುಗಳಿಂದ ಲಾಭ ಇಲ್ಲವೆನ್ನುವಷ್ಟು ಕಡಿಮೆ ಎಂದಿತು. ಬೆನ್ನು ಉದ್ದವಾದರೆ ನೋವು ಹೋಗುತ್ತದೆಂಬ ಲೆಕ್ಕವೂ ಅಷ್ಟು ಸಲೀಸಲ್ಲ. ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳು ಐದು ಸೆಂಟಿಮೀಟರ್‌ವರೆಗೂ ಉದ್ದವಾಗುತ್ತಾರೆ, ಅವರಲ್ಲಿ ಅನೇಕರಿಗೆ ಆಗಲೇ ಬೆನ್ನುನೋವು ಬರುತ್ತದೆ!

ಡಾಕ್ಟರು ಒಪ್ಪಿದವರು ಮಾಡಲಿ, ನನ್ನ ತಕರಾರಿಲ್ಲ. ಆದರೆ ಹೊಟ್ಟೆ ತುಂಬಿರಬಾರದು. ಮೊದಲು 15-20 ಡಿಗ್ರಿ ಓರೆ, ಒಂದೆರಡು ನಿಮಿಷ, ಪಕ್ಕದಲ್ಲಿ ದೊಡ್ಡವರೊಬ್ಬರು. ಪಿನ್ನು, ಪಟ್ಟಿ, ಪಾದದ ಹಿಡಿಕೆ ಪ್ರತಿ ಸಲವೂ ನೋಡಬೇಕು. ಎದ್ದು ನಿಲ್ಲುವ ಮುಂಚೆ ಮಟ್ಟಸವಾಗಿ ಸ್ವಲ್ಪ ಹೊತ್ತು ಮಲಗಬೇಕು. ಮಕ್ಕಳು ಇದನ್ನು ಮುಟ್ಟುವ ಹಾಗೇ ಇಲ್ಲ. ಇನ್ನೊಂದು ಮಾತು. ಸೊಂಟನೋವಿನ ಜೊತೆಗೆ ತೊಡೆಗಳ ನಡುವೆ ಜೋಮು, ಮೂತ್ರದ ಹಿಡಿತ ತಪ್ಪುವುದು, ಕಾಲಿನ ಬಲ ಕುಂದುವುದು ಇದ್ದರೆ ಮನೆಮದ್ದು ಯಾವುದೂ ಬೇಡ, ಅಂದೇ ಆಸ್ಪತ್ರೆಗೆ ಹೋಗಬೇಕು. ಬಿದ್ದ ಮೇಲೆ ಶುರುವಾದ ನೋವು, ಜ್ವರದ ಜೊತೆಗಿನ ನೋವೂ ತಡಮಾಡುವಂಥವಲ್ಲ.

ಬಾವಲಿಯ ವಿಷಯ ಮೊಮ್ಮಗನೇ ಸ್ಕೂಲಿನ ಲೈಬ್ರರಿಯಲ್ಲಿ ಓದಿ ಬಂದು ಅಜ್ಜಿಗೆ ವಿವರಿಸಿದ. ಅದರ ಕಾಲಿನ ಸ್ನಾಯುರಜ್ಜು ಮೈಭಾರಕ್ಕೆ ತಾನೇ ಬಿಗಿದುಕೊಂಡು ಬೀಗದಂತೆ ಕೂರುತ್ತದೆ, ಜೋತುಬೀಳಲು ಅದಕ್ಕೆ ಶ್ರಮವೇ ಬೇಡ, ನಿದ್ದೆಯಲ್ಲೂ ಬೀಳುವುದಿಲ್ಲ. ‘ನಿಮ್ಮ ತಾತಂಗೆ ಬೀಗ ಇಲ್ವಲ್ಲ’ ಎಂದಳು ಅವಳು.

ಈಗ ನಾನು ಮಾಡುವುದು ಯಾರಿಗೂ ಬೆರಗು ಹುಟ್ಟಿಸುವಂಥದ್ದಲ್ಲ. ಮಧ್ಯಾಹ್ನ ಚಾಪೆಯ ಮೇಲೆ ಅಂಗಾತ ಮಲಗಿ, ಮೀನಖಂಡಗಳನ್ನು ಕುರ್ಚಿಯ ಮೇಲಿಟ್ಟು, ತಲೆಗೊಂದು ತೆಳುದಿಂಬು ಇಟ್ಟು 15 ನಿಮಿಷ. ತಲೆ ನೆಲದಲ್ಲೇ ಇರುತ್ತದೆ, ಸೊಂಟಕ್ಕೆ ಬಿಡುವು ಸಿಗುತ್ತದೆ. ಫಿಸಿಯೋಥೆರಪಿಯ ಹುಡುಗಿ ಕಲಿಸಿದ ಹೊಟ್ಟೆ-ಬೆನ್ನಿನ ಮೂರು ವ್ಯಾಯಾಮ. ದಿನಾ ನಡಿಗೆ, ಮೊದಲ ವಾರ ಬೀದಿಯ ತುದಿಯವರೆಗೆ, ಆಮೇಲೆ ವಾರವಾರಕ್ಕೂ ಸ್ವಲ್ಪ ಹೆಚ್ಚು. ಡಾಕ್ಟರು ಮೊದಲ ದಿನವೇ ಹೇಳಿದ್ದ ನಿಧಾನದ ಮದ್ದೇ. ನೋವು ಪೂರ್ತಿ ಹೋಗಿಲ್ಲ. ಆದರೆ ಕಳೆದ ತಿಂಗಳಿಂದ ಕುಕ್ಕರಹಳ್ಳಿ ಕೆರೆಯ ಅರ್ಧ ಸುತ್ತು ಸಾಧ್ಯವಾಗಿದೆ. ಅಲ್ಲಿ ಕಲ್ಲುಬೆಂಚಿನ ಮೇಲೆ ಹತ್ತು ನಿಮಿಷ ಕೂತು ಹಿಂದಿರುಗುತ್ತೇವೆ.

ಮೇಜನ್ನು ಮಾರಬೇಕೆಂದು ಮಗ ಹೇಳುತ್ತಲೇ ಇದ್ದಾನೆ. ಸದ್ಯಕ್ಕೆ ಅದು ಮಹಡಿಯಲ್ಲಿದೆ. ಪಿನ್ನು ಕಳಚಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇವೆ. ಹಲಗೆಯ ಮೇಲೆ ಮನೆಯಾಕೆ ಸಂಡಿಗೆ ಒಣಗಿಸುತ್ತಾಳೆ.

ಬಾಗಿಲ ಚೌಕಟ್ಟಿನ ಗುರುತುಗಳ ಕಥೆ ಮಾತ್ರ ಮುಂದುವರಿದಿದೆ. ಬ್ಯಾಂಕಿಗೆ ಸೇರಿದಾಗಿನ ವೈದ್ಯಕೀಯ ಪತ್ರದಲ್ಲಿ ನನ್ನ ಎತ್ತರ ಐದು ಅಡಿ ಏಳು ಅಂಗುಲ. ಈಗ ಐದೂವರೆಯೂ ಸರಿಯಾಗಿಲ್ಲ. ಹುಡುಗ ಒಂದೇ ವರ್ಷದಲ್ಲಿ ಮೂರು ಅಂಗುಲ ಬೆಳೆದಿದ್ದಾನೆ. ನನ್ನನ್ನು ಬೆಳಿಗ್ಗೆ ಅಳೆಯಲು ಅವನು ಒಪ್ಪುವುದಿಲ್ಲ. ತಾತ ಬೆಳಿಗ್ಗೆ ಉದ್ದ ಇರುತ್ತಾರೆ, ಅದು ಮೋಸವಂತೆ. ಇವತ್ತು ರಾತ್ರಿ ಊಟವಾದ ಮೇಲೆ ಸ್ಕೇಲು ತಂದು ನಿಲ್ಲುತ್ತಾನಂತೆ. ತನ್ನ ಗುರುತನ್ನು ಮಾತ್ರ ಬೆಳಿಗ್ಗೆ ಏಳು ಗಂಟೆಗೇ ಹಾಕಿಕೊಂಡು ಹೋಗಿದ್ದಾನೆ.